ಬಾಯ್ಲ್ ಎಂಬ ಹೆಸರಿನ ಪೂರ್ವೋತ್ತರ

ಪ್ರೌಢಶಾಲೆಯ ಭೌತಶಾಸ್ತ್ರದ ಪುಸ್ತಕವನ್ನು ಒಮ್ಮೆಯಾದರೂ ತೆರೆದವರಿಗೆ ಬಾಯ್ಲನ ನಿಯಮವು ಪರಿಚಿತವಾದುದು. ಉಷ್ಣತೆಯು ಬದಲಾಗದಿದ್ದರೆ, ನಿರ್ದಿಷ್ಟ ರಾಶಿಯ ಅನಿಲದ ಗಾತ್ರವು ಅದರ ಒತ್ತಡಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಈ ವಾಕ್ಯವನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ, ಲೆಕ್ಕಗಳನ್ನು ಬಿಡಿಸುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಬಾಯ್ಲ್ ಎಂಬ ಹೆಸರು ಮಾತ್ರ ಸೀಸೆಗೆ ಅಂಟಿಸಿದ ಚೀಟಿಯಂತೆ ನಿಯಮಕ್ಕೆ ಅಂಟಿಕೊಂಡು ಉಳಿಯುತ್ತದೆ. ಅದು ಯಾವ ನಾಡಿನದು, ಅದಕ್ಕೆ ಅರ್ಥವುಂಟೆ, ಆ ಹೆಸರಿನವರೆಲ್ಲರೂ ಒಂದೇ ಬುಡದ ಕೊಂಬೆಗಳೆ ಎಂದು ಕೇಳುವವರು ವಿರಳ. ಕೇಳಿದರೆ ದೊರೆಯುವ ಉತ್ತರವು ಇತಿಹಾಸದಲ್ಲಿ ಮೊದಲಾಗಿ, ವ್ಯಾಕರಣವನ್ನು ಹಾದು, ಕೊನೆಗೆ ಜೀವಶಾಸ್ತ್ರವನ್ನೂ ಗಣಿತವನ್ನೂ ಮುಟ್ಟುತ್ತದೆ.

ರಾಬರ್ಟ್ ಬಾಯ್ಲನು ಐರ್ಲೆಂಡಿನಲ್ಲಿ ಹುಟ್ಟಿದನೆಂದು ಪುಸ್ತಕಗಳು ತಿಳಿಸುತ್ತವೆ. ಅದು ನಿಜ. ಇನ್ನು ಐರಿಷ್ ಮನೆತನದ ಹೆಸರುಗಳ ಕೋಶವನ್ನು ತೆರೆದು ನೋಡಿದರೆ, ಬಾಯ್ಲ್ ಎಂಬುದು ಆ ದ್ವೀಪದ ವಾಯುವ್ಯ ಮೂಲೆಯ ಡೋನೆಗಾಲ್ ಸೀಮೆಯ ಪುರಾತನ ಗೇಲಿಕ್ ಕುಲದ ಹೆಸರೆಂದು ಕಾಣುತ್ತದೆ. ಅದೂ ನಿಜ. ಈ ಎರಡು ನಿಜಗಳನ್ನು ಕೂಡಿಸಿ, ರಾಬರ್ಟ್ ಬಾಯ್ಲನು ಡೋನೆಗಾಲಿನ ಗೇಲಿಕ್ ಕುಲದವನೆಂದು ನಾವು ತೀರ್ಮಾನಿಸಿದರೆ, ಆ ತೀರ್ಮಾನವು ಸುಳ್ಳು! ಎರಡು ಸತ್ಯಗಳ ಮೊತ್ತವು ಅಸತ್ಯವಾದುದು ಹೇಗೆಂಬುದನ್ನು ಅರಿಯಲು, ಐರ್ಲೆಂಡಿನಲ್ಲಿ ಹೆಸರುಗಳು ಹುಟ್ಟಿದ ಬಗೆಯನ್ನು ಮೊದಲು ತಿಳಿಯಬೇಕು.

ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬದಲಾಗದೆ ಸಾಗಿಬರುವ ಹೆಸರನ್ನು ನಮ್ಮ ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರೆಂದು ಕರೆಯುವುದುಂಟು. ಯೂರೋಪಿನಲ್ಲಿ ಈ ಪದ್ಧತಿಯನ್ನು ಬಹು ಹಿಂದೆಯೇ ಕೈಕೊಂಡ ನಾಡುಗಳಲ್ಲಿ ಐರ್ಲೆಂಡು ಒಂದು. ಅದಕ್ಕೆ ಮುಂಚೆ ಅಲ್ಲಿಯೂ ಒಬ್ಬನನ್ನು ಗುರುತಿಸಲು ತಂದೆಯ ಹೆಸರೇ ಸಾಕಾಗಿತ್ತು, ಮಗನು ‘ಮಾಕ್’. ಅಜ್ಜನ ಹೆಸರಿನಿಂದ ಗುರುತಿಸುವುದಾದರೆ ಮೊಮ್ಮಗನು ‘ಉಅ’. ಈ ಎರಡನೆಯ ಪದವೇ ಮುಂದೆ ಸವೆದು ‘ಓ’ ಆಯಿತು. ಹತ್ತನೆಯ ಶತಮಾನದ ಸುಮಾರಿಗೆ ಈ ಪದಗಳ ಅರ್ಥವು ಹಿಗ್ಗತೊಡಗಿತು. ಅಜ್ಜನು ಸತ್ತು ನೂರು ವರ್ಷಗಳಾದ ಮೇಲೂ ಅವನ ಸಂತತಿಯವರು ‘ಇಂಥವನ ಮೊಮ್ಮಗ’ ಎಂದೇ ಹೇಳಿಕೊಂಡರು. ಮೊಮ್ಮಗನೆಂಬ ಮಾತಿಗೆ ವಂಶಜನೆಂಬ ಅರ್ಥವು ಬಂದಿತು. ಹೆಸರು ಕುಲದ ಸ್ವತ್ತಾಯಿತು. ಹೀಗೆ ಸ್ಥಿರಗೊಂಡ ಮೊದಲ ಹೆಸರುಗಳಲ್ಲೊಂದು ‘ಓ ಕ್ಲೇರಿ’. ಅದನ್ನು ಧರಿಸಿದ್ದ ಒಬ್ಬ ಅರಸನು ೯೧೬ರಲ್ಲಿ ಮೃತನಾದುದನ್ನು ಐರಿಷ್ ವಾರ್ಷಿಕ ವೃತ್ತಾಂತಗಳು ದಾಖಲಿಸಿವೆ. ಇಂಗ್ಲೆಂಡಿನಲ್ಲಿ ಇಂಥ ಹೆಸರುಗಳು ನಾರ್ಮನರು ಬಂದ ಮೇಲೆ ಬೇರೂರಿ, ಸಾಮಾನ್ಯ ಜನರಲ್ಲಿ ನೆಲೆಗೊಳ್ಳಲು ಹದಿನಾಲ್ಕನೆಯ ಶತಮಾನದವರೆಗೂ ಕಾಲ ಹಿಡಿಯಿತೆಂಬುದನ್ನು ನೆನೆದರೆ, ಐರಿಷ್ ಪದ್ಧತಿಯ ಪ್ರಾಚೀನತೆಯು ಮನಸ್ಸಿಗೆ ಬರುತ್ತದೆ.

ಇಲ್ಲಿ ವ್ಯಾಕರಣದ ಒಂದು ಸೊಗಸನ್ನು ಹೇಳದೆ ಮುಂದೆ ಹೋಗಲಾಗದು. ಐರಿಷ್ ಭಾಷೆಯಲ್ಲಿ ಹೆಸರು ಹೆಣ್ಣಿಗೂ ಗಂಡಿಗೂ ಒಂದೇ ರೂಪದಲ್ಲಿರುವುದಿಲ್ಲ. ಗಂಡಸು ‘ಓ’ ಆದರೆ ಅವನ ಮಗಳು ‘ನೀ’, ಹೆಂಡತಿಯು ‘ಈ’. ಹೆಸರನ್ನು ಕೇಳಿದೊಡನೆಯೇ, ಆಕೆಯು ಆ ಮನೆಯಲ್ಲಿ ಹುಟ್ಟಿದವಳೋ ಆ ಮನೆಗೆ ಬಂದವಳೋ ಎಂಬುದು ಗೊತ್ತಾಗುತ್ತದೆ. ಇಂಗ್ಲಿಷಿಗೆ ತಿರುಗಿದಾಗ ಈ ಸೂಕ್ಷ್ಮವೆಲ್ಲವೂ ಅಳಿಸಿಹೋಯಿತು.

ಡೋನೆಗಾಲಿನ ಕುಲದ ಮೂಲ ಹೆಸರನ್ನು ಐರಿಷ್ ಜನರು ‘ಓ ಬ್ವೀಲ್’ ಎಂಬುದಕ್ಕೆ ಸಮೀಪವಾಗಿ ಉಚ್ಚರಿಸುತ್ತಾರೆ. ಬರವಣಿಗೆಯಲ್ಲಿ ಹಿಂದೆ ಇನ್ನೂ ಕೆಲವು ಅಕ್ಷರಗಳಿದ್ದವು. ಉಚ್ಚಾರಣೆಯಲ್ಲಿ ಅವು ಎಂದೋ ಕರಗಿಹೋಗಿದ್ದವು. ಇಪ್ಪತ್ತನೆಯ ಶತಮಾನದ ಕಾಗುಣಿತ ಸುಧಾರಣೆಯು ಅವುಗಳನ್ನು ಕೈಬಿಟ್ಟಿತು. ಮೂಲಪುರುಷನ ಹೆಸರಿನ ಅರ್ಥವೇನೆಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅದರ ಉತ್ತರಾರ್ಧವು ‘ಪಣ’ ಅಥವಾ ‘ವಾಗ್ದಾನ’ ಎಂಬರ್ಥದ ಐರಿಷ್ ಪದವಾಗಿರಬಹುದೆಂಬ ಊಹೆಯುಂಟು. ಊಹೆಯನ್ನು ಊಹೆಯೆಂದೇ ಇಟ್ಟುಕೊಳ್ಳೋಣ. ಅರ್ಥಕ್ಕಿಂತ ಗಟ್ಟಿಯಾದ ಸಾಕ್ಷ್ಯವನ್ನು ನೆಲವೇ ಒದಗಿಸುತ್ತದೆ. ಡೋನೆಗಾಲಿನ ಪಶ್ಚಿಮ ತೀರದ ಒಂದು ವಿಭಾಗಕ್ಕೆ ಇಂದಿಗೂ ‘ಬಾಯ್ಲಾ’ ಎಂದೇ ಹೆಸರು. ಅದು ಈ ಕುಲದವರ ನಾಡು. ಡೋನೆಗಾಲ್ ಪಟ್ಟಣದ ಬಳಿಯ ‘ಬ್ಯಾಲಿವೀಲ್’ ಎಂಬ ಸ್ಥಳನಾಮವನ್ನು ಬಿಡಿಸಿದರೆ ‘ಓ ಬ್ವೀಲರ ಊರು’ ಎಂದಾಗುತ್ತದೆ. ‘ಬ್ಯಾಲಿ’ ಎಂದರೆ ಊರು. ಇಂಗ್ಲಿಷರು ಕುಲದ ಹೆಸರನ್ನು ಬಾಯ್ಲ್ ಎಂದು ಮಾರ್ಪಡಿಸಿದರೂ, ಊರಿನ ಹೆಸರಿನೊಳಗೆ ಹಳೆಯ ‘ವೀಲ್’ ಉಚ್ಚಾರಣೆಯು ಹಾಗೆಯೇ ಸಿಕ್ಕಿಕೊಂಡು ಉಳಿದಿದೆ. ಕಲ್ಲಿನಲ್ಲಿ ಸಿಕ್ಕಿದ ಹಳೆಯ ಜೀವಿಯ ಅಚ್ಚಿನಂತೆ!

ಓದುಗರು ಭೂಪಟವನ್ನು ನೋಡಿದರೆ ರಾಸ್‌ಕಾಮನ್ ಸೀಮೆಯಲ್ಲಿ ಬಾಯ್ಲ್ ಎಂಬ ಹೆಸರಿನ ಒಂದು ಪಟ್ಟಣವೇ ಕಾಣಿಸುತ್ತದೆ. ೧೧೬೧ರಲ್ಲಿ ಸ್ಥಾಪಿತವಾದ ಪ್ರಸಿದ್ಧ ಕ್ರೈಸ್ತ ಮಠದ ಅವಶೇಷಗಳು ಅಲ್ಲಿವೆ. ಅದನ್ನು ನೋಡಿ, ಕುಲವು ಇಲ್ಲಿಂದ ಹೊರಟಿತೆಂದು ತಿಳಿಯಬಾರದು. ಆ ಪಟ್ಟಣದ ಹೆಸರು ಅಲ್ಲಿ ಹರಿಯುವ ನದಿಯ ಬೇರೊಂದು ಐರಿಷ್ ಹೆಸರಿನಿಂದ ಬಂದುದು. ಕುಲದ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಇಂಗ್ಲಿಷ್ ಕಾಗುಣಿತದ ಜರಡಿಯಲ್ಲಿ ಎರಡು ಬೇರೆ ಬೇರೆ ಕಾಳುಗಳು ಒಂದೇ ಆಕಾರ ತಾಳಿ ಹೊರಬಿದ್ದಿವೆ, ಅಷ್ಟೆ.

ಓ ಬ್ವೀಲರು ಸ್ವತಂತ್ರ ಅರಸರಲ್ಲ. ಡೋನೆಗಾಲಿನ ಪ್ರಭುಗಳಾದ ಓ’ಡಾನೆಲ್ ಮನೆತನದ ಅಧೀನದಲ್ಲಿದ್ದ ನಾಯಕರು. ಇವರಿಬ್ಬರೂ ತಮ್ಮ ವಂಶವನ್ನು ಐದನೆಯ ಶತಮಾನದ ಅರಸನೆಂದು ಐತಿಹ್ಯವು ಹೇಳುವ ‘ಒಂಬತ್ತು ಒತ್ತೆಯಾಳುಗಳ ನಿಯಾಲ್’ ಎಂಬವನಿಗೆ ಒಯ್ಯುತ್ತಿದ್ದರು. ಪ್ರತಿಯೊಬ್ಬ ನಾಯಕನ ಮನೆಯಲ್ಲಿಯೂ ವಂಶಾವಳಿಯನ್ನು ನೆನಪಿಡುವ ಪಂಡಿತರಿರುತ್ತಿದ್ದರು. ೧೬೩೨ರಿಂದ ೧೬೩೬ರವರೆಗೆ, ಗೇಲಿಕ್ ಪ್ರಪಂಚವು ಕುಸಿದುಬಿದ್ದ ಬಳಿಕ, ಡೋನೆಗಾಲಿನಲ್ಲಿಯೇ ಕೆಲವು ಪಂಡಿತರು ಕುಳಿತು ದೇಶದ ಹಳೆಯ ವೃತ್ತಾಂತಗಳನ್ನೆಲ್ಲ ಒಂದುಗೂಡಿಸಿ ಬರೆದಿಟ್ಟರು. ಅದಕ್ಕೆ ‘ನಾಲ್ವರು ಗುರುಗಳ ವೃತ್ತಾಂತ’ವೆಂದು ಹೆಸರು. ಅವರ ಮುಖ್ಯಸ್ಥನ ಹೆಸರು ಮೀಹಾಲ್ ಓ ಕ್ಲೇರಿ. ಮೇಲೆ ೯೧೬ರ ಪ್ರಸಂಗದಲ್ಲಿ ಬಂದ ಅದೇ ಕುಲನಾಮ!

ಇನ್ನು ಇಂಗ್ಲಿಷ್ ಆಳ್ವಿಕೆಯ ವಿಷಯ. ಹೆಸರೆಂಬುದು ರಾಜಕೀಯವಾದ ವಸ್ತುವೆಂಬುದನ್ನು ಆಳುವವರು ಬಲ್ಲರು. ೧೩೬೬ರ ಕಿಲ್ಕೆನ್ನಿ ಶಾಸನಗಳು ಐರ್ಲೆಂಡಿನಲ್ಲಿ ನೆಲಸಿದ ಇಂಗ್ಲಿಷರು ಐರಿಷ್ ಹೆಸರುಗಳನ್ನು ಬಿಟ್ಟು ಇಂಗ್ಲಿಷ್ ಹೆಸರುಗಳನ್ನೇ ಇಟ್ಟುಕೊಳ್ಳಬೇಕೆಂದು ವಿಧಿಸಿದವು. ೧೪೬೫ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಡಬ್ಲಿನ್ನಿನ ಸುತ್ತಣ ನಾಲ್ಕು ಸೀಮೆಗಳಲ್ಲಿ ಇಂಗ್ಲಿಷರ ನಡುವೆ ವಾಸಿಸುವ ಐರಿಷರೆಲ್ಲರೂ ಇಂಗ್ಲಿಷ್ ಅಡ್ಡಹೆಸರುಗಳನ್ನು ಧರಿಸತಕ್ಕದ್ದೆಂದು ಕಾಯಿದೆಯಾಯಿತು. ಯಾವ ಹೆಸರನ್ನು ಆರಿಸಿಕೊಳ್ಳಬೇಕೆಂಬುದಕ್ಕೂ ಕಾಯಿದೆಯಲ್ಲಿ ಮಾದರಿಗಳಿದ್ದವು: ಒಂದು ಊರಿನ ಹೆಸರು, ಇಲ್ಲವೆ ಬಿಳಿ, ಕರಿ, ಕಂದು ಎಂಬಂಥ ಬಣ್ಣ, ಇಲ್ಲವೆ ಕಮ್ಮಾರ, ಬಡಗಿ ಎಂಬಂಥ ಕಸುಬು, ಇಲ್ಲವೆ ಅಡಿಗೆಯವ ಮುಂತಾದ ಹುದ್ದೆ. ತಪ್ಪಿದರೆ ಸ್ವತ್ತಿನ ಜಪ್ತಿ. ಮನುಷ್ಯನಿಗೆ ಅಜ್ಜನ ಹೆಸರನ್ನು ಬಿಟ್ಟು ಬಣ್ಣದ ಹೆಸರನ್ನು ಇಟ್ಟುಕೊಳ್ಳೆಂದು ಆಜ್ಞಾಪಿಸಿದ ಈ ಕಾಯಿದೆಯನ್ನು ಓದುವಾಗ, ಆಳಿಸಿಕೊಂಡ ಅನುಭವವಿರುವ ನಮ್ಮಂಥವರಿಗೆ ವಿಶೇಷ ವ್ಯಾಖ್ಯಾನವು ಬೇಕಾಗದು.

ದೂರದ ಡೋನೆಗಾಲನ್ನು ಆ ಕಾಯಿದೆಗಳು ಮುಟ್ಟಲಿಲ್ಲ. ಅಲ್ಲಿಗೆ ಇಂಗ್ಲಿಷ್ ಗುಮಾಸ್ತನ ಲೇಖನಿಯು ತಲುಪಿದುದು ಹದಿನೇಳನೆಯ ಶತಮಾನದ ಆರಂಭದಲ್ಲಿ. ಗುಮಾಸ್ತನಿಗೆ ಐರಿಷ್ ಭಾಷೆಯು ತಿಳಿಯದು. ಕಿವಿಗೆ ಬಿದ್ದುದನ್ನು ತನ್ನ ಭಾಷೆಯ ಅಕ್ಷರಗಳಲ್ಲಿ ಹೇಗೆ ತೋರಿತೋ ಹಾಗೆ ಬರೆದನು: ಓ’ಬಾಯ್ಲ್. ಬಳಿಕ ‘ಓ’ಕಾರವು ಗೇಲಿಕ್ ಮೂಲದ ಗುರುತಾಗಿ, ಜಮೀನು, ಕೆಲಸ, ವ್ಯವಹಾರಗಳಿಗೆ ಅಡ್ಡಿಯೆನಿಸತೊಡಗಿತು, ಬಹುಮಂದಿ ಅದನ್ನು ಕಳಚಿದರು. ೧೮೯೩ರಲ್ಲಿ ಗೇಲಿಕ್ ಸಂಘವು ಸ್ಥಾಪಿತವಾಗಿ ಭಾಷೆಯ ಪುನರುಜ್ಜೀವನವು ಮೊದಲಾದ ಮೇಲೆ ಎಷ್ಟೋ ಕುಲಗಳವರು ಕಳಚಿದ ‘ಓ’ವನ್ನು ಮತ್ತೆ ತೊಟ್ಟುಕೊಂಡರು. ಬಾಯ್ಲ್ ಕುಲದವರಲ್ಲಿ ಹಾಗೆ ಮಾಡಿದವರು ಕಡಿಮೆ. ಬೋಳು ‘ಬಾಯ್ಲ್’ ರೂಪವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ.

ಈಗ ರಾಬರ್ಟ್ ಬಾಯ್ಲನ ಮನೆತನಕ್ಕೆ ಬರೋಣ. ಇವನ ತಂದೆ ರಿಚರ್ಡ್ ಬಾಯ್ಲನು ೧೫೬೬ರಲ್ಲಿ ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ಜನಿಸಿದನು. ಇವರ ಪೂರ್ವಿಕರು ಹೆರ್‌ಫರ್ಡ್ ಸೀಮೆಯ ಇಂಗ್ಲಿಷರು. ರಿಚರ್ಡನು ೧೫೮೮ರಲ್ಲಿ ಡಬ್ಲಿನ್ನಿಗೆ ಬಂದಿಳಿದಾಗ ಅವನ ಬಳಿ ಇದ್ದುದು ೨೭ ಪೌಂಡು ಹಣ, ಒಂದೆರಡು ಒಡವೆ, ಉಟ್ಟ ಬಟ್ಟೆಬರೆ. ಮುಂದಿನ ಹದಿನಾಲ್ಕು ವರ್ಷಗಳಲ್ಲಿ ಅವನು ಏರಿದ ಏಣಿಯ ಮೆಟ್ಟಿಲುಗಳನ್ನು ಇಲ್ಲಿ ಎಣಿಸುವುದಿಲ್ಲ. ಅವೆಲ್ಲವೂ ಶುಭ್ರವಾಗಿದ್ದುವೆಂದು ಅವನ ಸಮಕಾಲೀನರೇ ಒಪ್ಪಲಿಲ್ಲ. ೧೬೦೨ರಲ್ಲಿ, ಸರ್ ವಾಲ್ಟರ್ ರ್ಯಾಲಿಗೆ ಐರ್ಲೆಂಡಿನ ದಕ್ಷಿಣದಲ್ಲಿದ್ದ ೪೨,೦೦೦ ಎಕರೆಗಳ ಆಸ್ತಿಯನ್ನು ರಿಚರ್ಡನು ಕೊಂಡುಕೊಂಡನು. ಲಿಸ್ಮೋರ್ ಕೋಟೆಯು ಆ ಆಸ್ತಿಯಲ್ಲಿ ಸೇರಿತ್ತು. ೧೬೨೦ರಲ್ಲಿ ಅವನು ಕಾರ್ಕಿನ ಅರ್ಲ್ ಎಂಬ ಪದವಿಯನ್ನು ಪಡೆದನು.

ವಾಚಕರು ಈ ತಾರೀಖುಗಳನ್ನು ಗಮನಿಸಬೇಕು. ಕಿನ್‌ಸೇಲ್ ಎಂಬಲ್ಲಿ ಗೇಲಿಕ್ ನಾಯಕರ ಕೂಟವು ಇಂಗ್ಲಿಷರಿಂದ ಸೋತುಹೋದುದು ೧೬೦೧ರ ಕೊನೆಯಲ್ಲಿ. ಓ’ನೀಲ್ ಮತ್ತು ಓ’ಡಾನೆಲ್ ಪ್ರಭುಗಳು ಡೋನೆಗಾಲಿನ ರಾತ್‌ಮುಲ್ಲನ್ ರೇವಿನಿಂದ ಹಡಗು ಹತ್ತಿ ಯೂರೋಪಿಗೆ ಹೊರಟುಹೋದುದು ೧೬೦೭ರಲ್ಲಿ. ಅವರು ಬಿಟ್ಟುಹೋದ ಉತ್ತರದ ಸೀಮೆಗಳನ್ನು ಸರ್ಕಾರವು ವಶಪಡಿಸಿಕೊಂಡು ೧೬೦೯ರಿಂದ ಇಂಗ್ಲಿಷ್ ಮತ್ತು ಸ್ಕಾಟಿಷ್ ವಲಸೆಗಾರರಿಗೆ ಹಂಚತೊಡಗಿತು. ಬಾಯ್ಲಾ ವಿಭಾಗವು ಸ್ಕಾಟಿಷರ ಪಾಲಾಯಿತು. ಹೀಗೆ ಒಂದೇ ದಶಕದಲ್ಲಿ, ಒಂದೇ ದ್ವೀಪದಲ್ಲಿ, ಬಾಯ್ಲ್ ಎಂಬ ಹೆಸರಿನ ಒಂದು ಮನೆತನವು ಉತ್ತರದಲ್ಲಿ ಆರು ನೂರು ವರ್ಷಗಳ ಹೆಸರಿನ ನೆಲವನ್ನು ಕಳೆದುಕೊಂಡಿತು. ಅದೇ ಹೆಸರಿನ ಇನ್ನೊಂದು ಮನೆತನವು ದಕ್ಷಿಣದಲ್ಲಿ ದೇಶದ ಅತ್ಯಂತ ದೊಡ್ಡ ಭೂಮಾಲಿಕರ ಸಾಲಿಗೆ ಏರಿತು. ಇವರಿಗೂ ಅವರಿಗೂ ರಕ್ತಸಂಬಂಧವಿಲ್ಲ. ಅಕ್ಷರಸಂಬಂಧವಷ್ಟೇ.

ರಾಬರ್ಟನು ಈ ಭೂಮಾಲಿಕನ ಹದಿನಾಲ್ಕನೆಯ ಮಗುವಾಗಿ ೧೬೨೭ರ ಜನವರಿ ೨೫ರಂದು ಲಿಸ್ಮೋರ್ ಕೋಟೆಯಲ್ಲಿ ಹುಟ್ಟಿದನು. ಇಂಗ್ಲೆಂಡಿನಲ್ಲಿ ಓದಿ, ಆಕ್ಸ್‌ಫರ್ಡಿನಲ್ಲಿ ರಾಬರ್ಟ್ ಹುಕ್ಕನ ನೆರವಿನಿಂದ ವಾಯುರೇಚಕ ಯಂತ್ರವನ್ನು ಕಟ್ಟಿಸಿ, ೧೬೬೨ರಲ್ಲಿ ತನ್ನ ನಿಯಮವನ್ನು ಪ್ರಕಟಿಸಿದನು. ಆ ಯಂತ್ರಗಳಿಗೂ ಪಾದರಸಕ್ಕೂ ತಗಲಿದ ವೆಚ್ಚವು ಅವನಿಗೆ ತಂದೆಯಿಂದ ಬಂದ ಐರಿಷ್ ಜಮೀನುಗಳ ಆದಾಯದಿಂದ ಸಲ್ಲುತ್ತಿತ್ತೆಂಬುದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ಅದರೊಡನೆಯೇ ಹೇಳಬೇಕಾದ ಇನ್ನೊಂದು ಸಂಗತಿಯುಂಟು. ಬೈಬಲ್ಲಿನ ಐರಿಷ್ ಅನುವಾದವನ್ನು ಅಚ್ಚು ಹಾಕಿಸಲು ಅವನು ತನ್ನ ಹಣದಿಂದ ಲಂಡನ್ನಿನಲ್ಲಿ ಐರಿಷ್ ಅಕ್ಷರಗಳ ಹೊಸ ಅಚ್ಚುಮೊಳೆಗಳನ್ನು ಮಾಡಿಸಿದನು. ಹೊಸ ಒಡಂಬಡಿಕೆಯು ೧೬೮೧ರಲ್ಲಿಯೂ ಹಳೆಯ ಒಡಂಬಡಿಕೆಯು ೧೬೮೫ರಲ್ಲಿಯೂ ಹೊರಬಂದವು. ಉದ್ದೇಶವು ಮತಪ್ರಚಾರವೇ ಸರಿ. ಆದರೂ ಗುಮಾಸ್ತರು ಐರಿಷ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ತಿರುಚುತ್ತಿದ್ದ ಶತಮಾನದಲ್ಲಿಯೇ, ಇಂಗ್ಲಿಷ್ ಮೂಲದ ಬಾಯ್ಲನು ಐರಿಷ್ ಭಾಷೆಗೆ ಅದರದೇ ಅಕ್ಷರಗಳನ್ನು ಎರಕ ಹೊಯ್ಯಿಸಿದನು. ಕೇವಲ ಒಳ್ಳೆಯವರು, ಕೇವಲ ಕೆಟ್ಟವರು ಎಂದು ಚರಿತ್ರೆಯನ್ನು ಎರಡು ಕಪಾಟಿನಲ್ಲಿ ಜೋಡಿಸಿಡಲು ಹೊರಟವರಿಗೆ ಈ ಮನುಷ್ಯನು ತೊಂದರೆ ಕೊಡುತ್ತಾನೆ.

ಇವೆರಡರ ಜೊತೆಗೆ ಮೂರನೆಯ ಬಾಯ್ಲ್ ಮನೆತನವೂ ಉಂಟು. ಸ್ಕಾಟ್‌ಲೆಂಡಿನ ಪಶ್ಚಿಮ ತೀರದ ಕೆಲ್‌ಬರ್ನ್ ಕೋಟೆಯ ಬಾಯ್ಲರು ನಾರ್ಮನ್ ಮೂಲದವರೆಂದೂ, ಫ್ರಾನ್ಸಿನ ಒಂದು ಊರಿನ ಹೆಸರು ಸವೆದು ಅವರ ಅಡ್ಡಹೆಸರಾಯಿತೆಂದೂ ಹೇಳುತ್ತಾರೆ. ಸ್ಕಾಟ್‌ಲೆಂಡಿನಿಂದ ಉತ್ತರ ಐರ್ಲೆಂಡಿಗೆ ವಲಸೆ ಬಂದವರಲ್ಲಿ ಈ ಹೆಸರಿನವರೂ ಇದ್ದರು. ಆದುದರಿಂದ ಇಂದು ಬಾಯ್ಲ್ ಎಂಬವನೊಬ್ಬನು ತನ್ನ ಮೂಲವನ್ನು ಅರಸಿದರೆ, ಅವನೆದುರಿಗೆ ಕವಲೊಡೆದ ಮೂರು ದಾರಿಗಳಿವೆ. ೧೯೬೯ರಲ್ಲಿ ಬೆಳಕನ್ನು ವಿದ್ಯುದಾವೇಶವಾಗಿ ಹಿಡಿಯುವ ಸಿ.ಸಿ.ಡಿ. ಎಂಬ ಅರೆವಾಹಕ ಸಾಧನವನ್ನು ಜಾರ್ಜ್ ಸ್ಮಿತ್ತರೊಡನೆ ನಿರ್ಮಿಸಿ, ೨೦೦೯ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಕೆನಡಾದ ಭೌತವಿಜ್ಞಾನಿ ವಿಲ್ಲರ್ಡ್ ಬಾಯ್ಲರ ಹೆಸರನ್ನು ಕೇಳಿದ್ದೇವೆ. ಅನಿಲದ ಬಾಯ್ಲನಿಗೂ ಇವರಿಗೂ ನಂಟುಂಟೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಹೆಸರು ಒಂದೇ ಆದ ಮಾತ್ರಕ್ಕೆ ಅಂಥ ಉತ್ತರವನ್ನು ಕೊಡಲಾಗದೆಂಬುದೇ ಈ ಲೇಖನದ ವಿಷಯ.

ಹಾಗಾದರೆ ದಾಖಲೆಗಳನ್ನು ನೋಡಬಾರದೆ? ನೋಡಬಹುದಿತ್ತು, ಅವು ಇದ್ದಿದ್ದರೆ. ೧೯೨೨ರ ಜೂನ್ ೩೦ರಂದು, ಐರಿಷ್ ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿಯು ಸ್ಫೋಟಕ್ಕೂ ಬೆಂಕಿಗೂ ತುತ್ತಾಯಿತು. ಏಳು ಶತಮಾನಗಳ ಕಾಗದಪತ್ರಗಳು ಬೂದಿಯಾದವು. ೧೮೨೧ರಿಂದ ೧೮೫೧ರವರೆಗಿನ ಜನಗಣತಿಯ ಹಾಳೆಗಳು ಬಹುಮಟ್ಟಿಗೆ ಅಲ್ಲಿಯೇ ನಾಶವಾದವು. ೧೮೬೧ರಿಂದ ೧೮೯೧ರವರೆಗಿನವನ್ನು ಸರ್ಕಾರವೇ ಅದಕ್ಕೆ ಮುಂಚೆ ನಾಶಪಡಿಸಿತ್ತು. ಇಡೀ ದೇಶಕ್ಕೆ ಸಂಬಂಧಿಸಿದಂತೆ ಪೂರ್ಣವಾಗಿ ಉಳಿದ ಹಳೆಯ ಗಣತಿಗಳು ೧೯೦೧ ಮತ್ತು ೧೯೧೧ರವು ಮಾತ್ರ. ಕ್ಷಾಮದ ವರ್ಷಗಳಲ್ಲಿ, ಎಂದರೆ ೧೮೪೫ರ ಅನಂತರ, ದೇಶ ಬಿಟ್ಟವರ ಮೊಮ್ಮಕ್ಕಳು ಮೂಲವನ್ನು ಹುಡುಕಿಕೊಂಡು ಬಂದಾಗ, ಬೂದಿಯ ಗೋಡೆಗೆ ಹಣೆ ತಗಲುತ್ತದೆ. ಸುಟ್ಟುಹೋದ ದಾಖಲೆಗಳ ಪ್ರತಿಗಳನ್ನು ಬೇರೆ ಬೇರೆ ಸಂಗ್ರಹಗಳಿಂದ ಕಲೆಹಾಕುವ ಕಾರ್ಯವು ನಡೆದು, ೨೦೨೨ರಲ್ಲಿ ಅದರ ಫಲವು ಸಾರ್ವಜನಿಕರಿಗೆ ತೆರೆಯಿತು. ಆದರೆ ಎಲ್ಲವೂ ಮರಳಿ ಬರುವಂಥದಲ್ಲ.

ಬೆಂಕಿಯು ಮುಟ್ಟಲಾರದ ಒಂದು ದಾಖಲೆಯು ಪ್ರತಿಯೊಬ್ಬ ಗಂಡಸಿನ ಮೈಯ ಜೀವಕೋಶಗಳಲ್ಲಿಯೂ ಇದೆ. ಅದೇ ‘ವೈ’ ವರ್ಣತಂತು. ಇತರ ವರ್ಣತಂತುಗಳು ತಾಯಿತಂದೆಗಳಿಬ್ಬರಿಂದಲೂ ಬಂದು ಪ್ರತಿ ತಲೆಮಾರಿನಲ್ಲಿಯೂ ಇಸ್ಪೀಟಿನ ಎಲೆಗಳಂತೆ ಕಲಸಿಹೋಗುತ್ತವೆ. ‘ವೈ’ ಮಾತ್ರ ತಂದೆಯಿಂದ ಮಗನಿಗೆ, ಅದರ ಬಹುಭಾಗವು ಕಲಸದೆ, ಇಳಿದುಬರುತ್ತದೆ. ಐರಿಷ್ ಅಡ್ಡಹೆಸರು ಸಾಗಿಬಂದ ದಾರಿಯೂ ಇದೇ ಅಲ್ಲವೆ? ಹೆಸರೂ ವರ್ಣತಂತುವೂ ಜೊತೆಜೊತೆಯಾಗಿ ಸಾವಿರ ವರ್ಷ ನಡೆದುಬಂದಿರಬೇಕು. ಇದನ್ನು ಪರೀಕ್ಷಿಸಿ ನೋಡಬಹುದು.

‘ವೈ’ ವರ್ಣತಂತುವಿನಲ್ಲಿ ಸುಮಾರು ಆರು ಕೋಟಿ ‘ಅಕ್ಷರ’ಗಳಿವೆ, ಅದನ್ನು ಮೊದಲಿನಿಂದ ಕೊನೆಯವರೆಗೆ ಪೂರ್ಣವಾಗಿ ಓದಿದ ವರದಿಯು ಪ್ರಕಟವಾದುದು ೨೦೨೩ರಲ್ಲಿ. ಅದರ ಕೆಲವೆಡೆ ಒಂದು ಚಿಕ್ಕ ಅಕ್ಷರಗುಂಪು ಹನ್ನೊಂದೋ ಹನ್ನೆರಡೋ ಹದಿಮೂರೋ ಸಲ ಸಾಲಾಗಿ ಪುನರಾವೃತ್ತವಾಗಿರುತ್ತದೆ. ಎಷ್ಟು ಸಲ ಎಂಬ ಸಂಖ್ಯೆಯು ತಂದೆಯಲ್ಲಿದ್ದಂತೆಯೇ ಮಗನಲ್ಲಿಯೂ ಇರುವುದು. ಅಪರೂಪಕ್ಕೊಮ್ಮೆ ಪ್ರತಿ ಮಾಡುವಾಗ ತಪ್ಪಿ, ಒಂದು ಹೆಚ್ಚುವುದು ಅಥವಾ ಕಡಿಮೆಯಾಗುವುದು. ಒಂದೊಂದು ಸ್ಥಾನದಲ್ಲಿ ಇಂಥ ಉತ್ಪರಿವರ್ತನೆಯು ಸುಮಾರು ೫೦೦ ತಲೆಮಾರುಗಳಿಗೊಮ್ಮೆ ನಡೆಯುತ್ತದೆಂದು ಹಿಡಿಯಬಹುದು. ಯಾವ ತಲೆಮಾರಿನಲ್ಲಿ ನಡೆಯುವುದೆಂದು ಹೇಳಲಾಗದು, ಸರಾಸರಿಯನ್ನು ಹೇಳಬಹುದು. ರೇಡಿಯಮ್ಮಿನ ಯಾವ ಪರಮಾಣು ಯಾವಾಗ ಒಡೆಯುವುದೆಂದು ತಿಳಿಯದಿದ್ದರೂ ಅರ್ಧಾಯುವನ್ನು ನಾವು ನಿಷ್ಕೃಷ್ಟವಾಗಿ ಹೇಳುವುದಿಲ್ಲವೆ? ಇದೂ ಹಾಗೆಯೇ.

ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ತೆಗೆದುಕೊಳ್ಳಲಿ. ಇಬ್ಬರು ಬಾಯ್ಲರ ಸಾಮಾನ್ಯ ಪೂರ್ವಿಕನು ಸಾವಿರ ವರ್ಷಗಳ ಹಿಂದೆ ಇದ್ದನೆನ್ನೋಣ. ತಲೆಮಾರಿಗೆ ೩೦ ವರ್ಷಗಳಂತೆ ೩೩ ತಲೆಮಾರು. ಎರಡು ಕವಲುಗಳಲ್ಲಿ ಒಟ್ಟು ೬೬ ಸಲ ಪ್ರತಿಯಾಗಿದೆ. ೧೭ ಸ್ಥಾನಗಳನ್ನು ಪರೀಕ್ಷಿಸಿದರೆ, ೬೬ನ್ನು ೧೭ರಿಂದ ಗುಣಿಸಿ ೫೦೦ರಿಂದ ಭಾಗಿಸಬೇಕು. ಉತ್ತರವು ೨.೨. ಎಂದರೆ ಒಂದೇ ಮೂಲದ ಇಬ್ಬರಲ್ಲಿಯೂ ಸರಾಸರಿ ಎರಡು ವ್ಯತ್ಯಾಸಗಳನ್ನು ನಿರೀಕ್ಷಿಸಬೇಕು. ಹದಿನೇಳೂ ಒಂದೇ ಆಗಿರುವ ಸಂಭವವು ಹತ್ತರಲ್ಲಿ ಒಂದು ಮಾತ್ರ. ಮೂಲವೇ ಬೇರೆಯಾದ ಇಬ್ಬರಲ್ಲಿ ವ್ಯತ್ಯಾಸಗಳು ಸಾಮಾನ್ಯವಾಗಿ ಇದಕ್ಕಿಂತ ಬಹಳ ಹೆಚ್ಚು.

ಈ ಬಗೆಯ ಶೋಧನೆಯು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ನಡೆಯಿತು. ಡೇನಿಯಲ್ ಬ್ರಾಡ್ಲಿ ಮತ್ತು ಸಂಗಡಿಗರು ೨೦೦೦ದಲ್ಲಿ ೨೨೧ ಮಂದಿ ಐರಿಷ್ ಗಂಡಸರನ್ನು ಅವರ ಅಡ್ಡಹೆಸರಿನ ಮೂಲದ ಪ್ರಕಾರ ವಿಂಗಡಿಸಿ ವರ್ಣತಂತುಗಳನ್ನು ಹೋಲಿಸಿದರು. ಪಶ್ಚಿಮದ ಕಾನಾಕ್ಟ್ ಪ್ರಾಂತದ ಗೇಲಿಕ್ ಹೆಸರಿನವರಲ್ಲಿ ನೂರಕ್ಕೆ ೯೮ ಮಂದಿ ಒಂದೇ ಪ್ರಾಚೀನ ಶಾಖೆಗೆ ಸೇರಿದ್ದರು. ಇಂಗ್ಲಿಷ್ ಮತ್ತು ಸ್ಕಾಟಿಷ್ ಹೆಸರಿನ ಐರಿಷರಲ್ಲಿ ಆ ಪ್ರಮಾಣವು ಬಹಳ ಕಡಿಮೆ. ತಲೆತಲಾಂತರಗಳಿಂದ ನೆರೆಹೊರೆಯಲ್ಲಿ ಬಾಳುತ್ತಿದ್ದರೂ, ಹೆಸರುಗಳು ತಮ್ಮ ಮೂಲದ ನೆನಪನ್ನು ಕಳೆದುಕೊಂಡಿರಲಿಲ್ಲ.

ಬಳಿಕ ೨೦೦೬ರಲ್ಲಿ, ೪೩ ಅಡ್ಡಹೆಸರುಗಳ ೧,೧೨೫ ಮಂದಿಯ ಪರೀಕ್ಷೆಯ ಫಲಿತಾಂಶವನ್ನು ಮ್ಯಾಕ್ ಇವಾಯ್ ಮತ್ತು ಬ್ರಾಡ್ಲಿ ಪ್ರಕಟಿಸಿದರು. ಒಂದೇ ಹೆಸರಿನ ಇಬ್ಬರಲ್ಲಿ ‘ವೈ’ಯ ೧೭ ಸಂಖ್ಯೆಗಳೂ ಒಂದೇ ಆಗಿರುವ ಸಂಭವವು, ಸಾಮಾನ್ಯವಾದುದಕ್ಕಿಂತ ಸರಾಸರಿ ೩೦ ಪಟ್ಟು ಹೆಚ್ಚಾಗಿತ್ತು. ಓ’ಸಲಿವನ್, ರಯನ್ ಎಂಬ ಹೆಸರುಗಳಿಗೆ ಒಬ್ಬೊಬ್ಬ ಪ್ರಧಾನ ಮೂಲಪುರುಷನು ಕಂಡುಬಂದನು. ಮರ್ಫಿ, ಕೆಲ್ಲಿ ಎಂಬವು ಹಾಗಲ್ಲ; ಅವುಗಳಿಗೆ ಅನೇಕ ಮೂಲಗಳಿದ್ದವು, ಆ ಹೆಸರಿನವರು ಇಂದು ಅಷ್ಟು ಹೇರಳವಾಗಿರುವುದಕ್ಕೆ ಬಹುಶಃ ಅದೇ ಕಾರಣ. ನಮಗೆ ಅತ್ಯಂತ ಕುತೂಹಲಕರವೆನಿಸುವ ಫಲಿತಾಂಶವು ಇನ್ನೊಂದು: ಯಾವ ಹೆಸರಿನಲ್ಲಿಯೂ, ಒಬ್ಬನೇ ಮೂಲಪುರುಷನಿಂದ ಇಳಿದವರ ಪ್ರಮಾಣವು ಸುಮಾರು ಅರ್ಧವನ್ನು ಮೀರಲಿಲ್ಲ.

ಇದಕ್ಕೆ ಗಾಬರಿಗೊಳ್ಳಬೇಕಾದುದಿಲ್ಲ. ದತ್ತು ಬಂದವರು, ತಾಯಿಯ ಮನೆಯ ಹೆಸರನ್ನು ಇಟ್ಟುಕೊಂಡವರು, ನಾಯಕನ ಆಶ್ರಯಕ್ಕೆ ಸೇರಿ ಅವನ ಹೆಸರನ್ನು ಧರಿಸಿದವರು, ವಿವಾಹದ ಹೊರಗೆ ಹುಟ್ಟಿದವರು, ಹೀಗೆ ಹೆಸರಿಗೂ ‘ವೈ’ಗೂ ಇರುವ ಗಂಟು ಬಿಚ್ಚುವ ಸಂದರ್ಭಗಳು ಅನೇಕ. ತಲೆಮಾರಿಗೆ ನೂರರಲ್ಲಿ ಇಬ್ಬರ ಗಂಟು ಬಿಚ್ಚುವುದೆಂದು ಇಟ್ಟುಕೊಳ್ಳಿ. ೦.೯೮ನ್ನು ೩೩ ಸಲ ತನ್ನಿಂದ ತಾನೇ ಗುಣಿಸಿದರೆ ೦.೫೧ ಬರುತ್ತದೆ. ಪ್ರತಿ ತಲೆಮಾರಿನಲ್ಲಿ ನೂರಕ್ಕೆ ೯೮ರಷ್ಟು ನಿಷ್ಠೆಯಿದ್ದರೂ ಸಾವಿರ ವರ್ಷಗಳಲ್ಲಿ ಅರ್ಧವೇ ಉಳಿಯುವುದು! ರೇಡಿಯಮ್ಮಿನಂತೆ ಅಡ್ಡಹೆಸರಿಗೂ ಒಂದು ಅರ್ಧಾಯುವುಂಟೆಂದು ನಾವು ವಿನೋದಕ್ಕಾಗಿ ಹೇಳಬಹುದು. ಉಳಿದ ಅರ್ಧದಷ್ಟು ಮಂದಿ ‘ನಿಜವಾದ’ ಬಾಯ್ಲರಲ್ಲವೆ ಎಂದು ಕೇಳುವವರಿಗೆ ಉತ್ತರವು ಸುಲಭ: ಆ ಮನೆಯಲ್ಲಿ ಬೆಳೆದು ಆ ಹೆಸರಿನಿಂದ ಕರೆಸಿಕೊಂಡವನು ಬಾಯ್ಲನೇ. ಪ್ರಯೋಗಶಾಲೆಯು ಹೇಳುವುದು ಗಂಡುಗಂಡಿನ ಒಂದೇ ಎಳೆಯ ಕಥೆಯನ್ನು. ಹತ್ತು ತಲೆಮಾರು ಹಿಂದೆ ಹೋದರೆ ನಮಗೆ ಸಾವಿರಕ್ಕೂ ಮಿಕ್ಕ ಪೂರ್ವಿಕರ ಸ್ಥಾನಗಳಿವೆ. ಆ ಎಳೆಯು ಅವುಗಳಲ್ಲಿ ಒಂದನ್ನು ಮಾತ್ರ ಮುಟ್ಟುತ್ತದೆ.

ಅದೇ ವರ್ಷ ಅದೇ ಪ್ರಯೋಗಶಾಲೆಯಿಂದ ಹೊರಬಿದ್ದ ಇನ್ನೊಂದು ವರದಿಯು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ವಾಯುವ್ಯ ಐರ್ಲೆಂಡಿನಲ್ಲಿ ಸುಮಾರು ಐವರು ಗಂಡಸರಲ್ಲಿ ಒಬ್ಬನ ‘ವೈ’ಯಲ್ಲಿ ಒಂದೇ ಬಗೆಯ ಸಂಖ್ಯಾಮಾದರಿಯು ಕಂಡುಬಂದಿತು. ನಿಯಾಲನ ವಂಶದವರೆಂದು ಹಳೆಯ ವಂಶಾವಳಿಗಳು ಹೇಳುವ ಅಡ್ಡಹೆಸರುಗಳವರಲ್ಲಿ ಅದು ವಿಶೇಷವಾಗಿ ದಟ್ಟವಾಗಿತ್ತು. ಆ ಹೆಸರುಗಳ ಪಟ್ಟಿಯಲ್ಲಿ ಬಾಯ್ಲ್ ಎಂಬುದೂ ಇದೆ. ಪಂಡಿತರು ಬಾಯಿಪಾಠದಿಂದ ಕಾಪಾಡಿ ತಂದ ವಂಶಾವಳಿಗಳು ಬರಿಯ ಮುಖಸ್ತುತಿಯಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. ಒಬ್ಬನ ಸಂತತಿಯು ಇಷ್ಟು ಹಬ್ಬುವುದು ಸಾಧ್ಯವೆ? ಗೇಲಿಕ್ ಪದ್ಧತಿಯಲ್ಲಿ ವಿವಾಹದ ಹೊರಗೆ ಹುಟ್ಟಿದ ಮಗನಿಗೂ ತಂದೆಯು ಒಪ್ಪಿದರೆ ಪಾಲುಂಟು. ೧೪೨೩ರಲ್ಲಿ ಮೃತನಾದ ಟರ್ಲೋ ಓ’ಡಾನೆಲ್ ಪ್ರಭುವಿಗೆ ೧೮ ಮಂದಿ ಗಂಡುಮಕ್ಕಳೂ ೫೯ ಮಂದಿ ಮೊಮ್ಮಕ್ಕಳೂ ಇದ್ದರೆಂದು ವಂಶಾವಳಿಯು ಎಣಿಸಿದೆ. ಆದರೆ ನಿಯಾಲನೇ ಮೂಲವೆಂಬ ಪತ್ರಿಕೆಗಳ ಘೋಷಣೆಯು ಅವಸರದ್ದು. ಈ ಶಾಖೆಯ ಗುರುತಾದ ಉತ್ಪರಿವರ್ತನೆಯು ನಿಯಾಲನ ಕಾಲಕ್ಕಿಂತಲೂ ಹಳೆಯದೆಂದು ಅನಂತರದ ಲೆಕ್ಕಗಳು ಸೂಚಿಸುತ್ತವೆ. ನಿಯಾಲನೂ ಅದನ್ನು ಧರಿಸಿದ್ದಿರಬಹುದು. ಅವನ ದೂರದ ದಾಯಾದಿಗಳೂ ಧರಿಸಿದ್ದಿರಬೇಕು.

ಹಬ್ಬುವ ಹೆಸರುಗಳಂತೆ ಆರಿಹೋಗುವ ಹೆಸರುಗಳೂ ಇವೆ. ಇಂಗ್ಲೆಂಡಿನ ಗಾಲ್ಟನ್ನನು ೧೮೭೩ರಲ್ಲಿ ಒಂದು ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ಸಮಸ್ಯೆಯಾಗಿ ಮುಂದಿಟ್ಟನು. ವಾಟ್ಸನ್ ಎಂಬ ಪಾದ್ರಿಯು ಅದಕ್ಕೆ ಗಣಿತವನ್ನು ಹೂಡಿದನು. ಒಂದು ಸರಳ ನಿದರ್ಶನವನ್ನು ನೋಡೋಣ. ಪ್ರತಿಯೊಬ್ಬನಿಗೂ ಗಂಡುಮಕ್ಕಳಿಲ್ಲದಿರುವ ಸಂಭವ ಕಾಲು, ಒಬ್ಬನಿರುವ ಸಂಭವ ಅರ್ಧ, ಇಬ್ಬರಿರುವ ಸಂಭವ ಕಾಲು ಎಂದಿರಲಿ. ಸರಾಸರಿ ಒಬ್ಬನಿಗೆ ಒಬ್ಬ ಮಗ. ಜನಸಂಖ್ಯೆಯು ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಆದರೂ ಒಬ್ಬನಿಂದ ಮೊದಲಾದ ಹೆಸರು ಒಂದು ತಲೆಮಾರಿನಲ್ಲಿ ಅಳಿಯುವ ಸಂಭವವು ೦.೨೫, ಎರಡರಲ್ಲಿ ೦.೩೯, ಐದರಲ್ಲಿ ೦.೬೦. ಮೂವತ್ತಮೂರು ತಲೆಮಾರುಗಳಾದಾಗ ಹತ್ತು ಹೆಸರುಗಳಲ್ಲಿ ಸುಮಾರು ಒಂಬತ್ತು ಇಲ್ಲವಾಗಿರುತ್ತವೆ. ಒಂದು ನ್ಯೂಟ್ರಾನಿನಿಂದ ಹೊರಟ ಸರಪಳಿ ಕ್ರಿಯೆಯು ಮುಂದುವರಿಯುವುದೋ ನಂದುವುದೋ ಎಂಬುದನ್ನು ಲೆಕ್ಕ ಹಾಕಲು ಪರಮಾಣು ವಿಜ್ಞಾನಿಗಳು ಇದೇ ಗಣಿತವನ್ನು ಬಳಸುತ್ತಾರೆ.

ಕಾರ್ಕಿನ ಅರ್ಲನ ಹದಿನೈದು ಮಕ್ಕಳ ಮನೆತನವೇ ಇದಕ್ಕೆ ನಿದರ್ಶನ. ರಾಬರ್ಟ್ ಬಾಯ್ಲನು ಮದುವೆಯಾಗಲಿಲ್ಲ. ೧೬೯೧ರ ಡಿಸೆಂಬರ್ ಕೊನೆಯ ದಿನ ಲಂಡನ್ನಿನಲ್ಲಿ ಸತ್ತನು. ಅವನ ಹಿರಿಯ ಅಣ್ಣನ ಗಂಡು ಸಂತತಿಯು ೧೭೫೩ರಲ್ಲಿ ಬರ್ಲಿಂಗ್ಟನ್ನಿನ ಮೂರನೆಯ ಅರ್ಲನೊಡನೆ ಮುಗಿಯಿತು. ಅರ್ಲ್ ಪದವಿಯು ಇನ್ನೊಬ್ಬ ಅಣ್ಣನಾದ ರಾಜರನ ಶಾಖೆಗೆ ಹೋಯಿತು, ಆ ಶಾಖೆಯಲ್ಲಿ ಬಾಯ್ಲ್ ಎಂಬ ಹೆಸರು ಇಂದಿಗೂ ಇದೆ. ಲಿಸ್ಮೋರ್ ಕೋಟೆಯು ಮಾತ್ರ ಬರ್ಲಿಂಗ್ಟನ್ ಅರ್ಲನ ಮಗಳಾದ ಷಾರ್ಲಟ್ಟಳ ಮೂಲಕ ಆಕೆಯ ಗಂಡನ ಮನೆಗೆ ಸೇರಿತು. ಆ ಗಂಡನು ಮುಂದೆ ಡೆವನ್‌ಷೈರಿನ ನಾಲ್ಕನೆಯ ಡ್ಯೂಕನಾದ ವಿಲಿಯಮ್ ಕ್ಯಾವೆಂಡಿಷ್. ಜಲಜನಕದ ಗುಣಗಳನ್ನು ಶೋಧಿಸಿ, ಭೂಮಿಯ ಸಾಂದ್ರತೆಯನ್ನು ಅಳೆದ ಹೆನ್ರಿ ಕ್ಯಾವೆಂಡಿಷನ ದೊಡ್ಡಪ್ಪನ ಮಗ. ಕೇಂಬ್ರಿಜ್ಜಿನ ಕ್ಯಾವೆಂಡಿಷ್ ಪ್ರಯೋಗಶಾಲೆಯನ್ನು ತನ್ನ ಹಣದಿಂದ ಕಟ್ಟಿಸಿಕೊಟ್ಟವನು ಇದೇ ಮನೆತನದ ಏಳನೆಯ ಡ್ಯೂಕನು. ಬಾಯ್ಲನು ಹುಟ್ಟಿದ ಕೋಟೆಯು ಇಂದಿಗೂ ಕ್ಯಾವೆಂಡಿಷರ ಸ್ವತ್ತಾಗಿಯೇ ಇದೆ.